ಇಸ್ರೇಲಿಗೆ ವಲಸೆ ಹೋಗಿ ಓದುವುದಾ? ಮೊದಲು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಹೊರಗೆ ತೆಗೆಯಿರಿ

ಕಳೆದ ವಾರ ಪಕ್ಕದ ಫ್ಲಾಟಿನ ಹುಡುಗಿ ಒಂದು ಪ್ಲಾಸ್ಟಿಕ್ ಫೈಲ್ ಹಿಡಿದುಕೊಂಡು ಬಂದಳು. ಅವರದ್ದು ಬೆನೆ ಇಸ್ರೇಲ್ ಮನೆತನ, ಅಂದರೆ ಕೊಂಕಣ ಕರಾವಳಿಯ ಯಹೂದಿಗಳು. ಅಪ್ಪ ಬ್ಯಾಂಕ್ ಕೆಲಸದಲ್ಲಿ ಥಾಣೆಯಿಂದ ಮಂಗಳೂರಿಗೆ ವರ್ಗವಾಗಿ ಬಂದವರು, ಮತ್ತೆ ಹೋಗಲೇ ಇಲ್ಲ. ಹುಡುಗಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಇಲ್ಲೇ ಓದಿದವಳು, ತುಳು ನನಗಿಂತ ಚೆನ್ನಾಗಿ ಬರುತ್ತದೆ. "ಆಂಟಿ, ಅಲಿಯಾ ಮಾಡುವ ಅಂತ ಇದ್ದೇನೆ. ಅಲ್ಲಿ ಕಾಲೇಜು ಫೀಸು ಸರಕಾರವೇ ಕಟ್ಟುತ್ತದಂತೆ, ಹೌದಾ?" ಅಂತ ಕೇಳಿದಳು.

ಹೌದು. ಆದರೆ ಸುಮ್ನೆ ಕಟ್ಟುವುದಿಲ್ಲ.

ನಾನು ಐದು ವರ್ಷ ಅಲ್ಲಿ ರಮತ್ ಗನ್‌ನಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುವ ಕೇರ್‌ಗಿವರ್ ಆಗಿದ್ದೆ. ನಮ್ಮ ಮಂಗಳೂರು, ಉಡುಪಿ ಕಡೆಯವರು ಆ ಕೆಲಸಕ್ಕೆ ಎಷ್ಟು ಜನ ಹೋಗಿದ್ದಾರೆ ಅಂತ ನಿಮಗೇ ಗೊತ್ತಲ್ಲ. ಅಜ್ಜಿಯ ಮೊಮ್ಮಗಳು ಅರ್ಜೆಂಟೀನಾದಿಂದ ವಲಸೆ ಬಂದು, ಅದೇ ಮನೆಯಲ್ಲಿದ್ದು ಡಿಗ್ರಿ ಮುಗಿಸಿದಳು. ಅವಳ ಅರ್ಜಿ, ಅಳು, ಪರೀಕ್ಷೆ ಎಲ್ಲ ಆದದ್ದು ನಾನು ತರಕಾರಿ ಹೆಚ್ಚುವ ಮೇಜಿನ ಮೇಲೆ. ಹಾಗಾಗಿ ಪಕ್ಕದ ಮನೆಯ ಹುಡುಗಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಲಿಯಾ ಅಂದರೆ ಯಹೂದಿಗಳು ಇಸ್ರೇಲಿಗೆ ಹೋಗಿ ನೆಲೆಸುವುದು. 1950ರ ವಾಪಸಾತಿ ಕಾನೂನಿನಲ್ಲಿ ಅವರಿಗೆ ಆ ಹಕ್ಕು ಇದೆ. 1970ರಲ್ಲಿ ತಿದ್ದುಪಡಿಯಾಗಿ ಯಹೂದಿಯ ಮಕ್ಕಳು, ಮೊಮ್ಮಕ್ಕಳಿಗೂ ಸಿಕ್ಕಿತು. ಹೀಗೆ ಬಂದವರನ್ನು ಅಲ್ಲಿ ಓಲಿಮ್ ಅಂತಾರೆ. ಫೀಸು ಕಟ್ಟುವ ಸೌಲಭ್ಯ ಓಲಿಮ್‌ಗೆ ಮಾತ್ರ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, "ಇಸ್ರೇಲಿನಲ್ಲಿ ಫ್ರೀ ಡಿಗ್ರಿ" ಅಂತ ಹೇಳಿ ನಮ್ಮ ಸಂಬಂಧಿಕರ ಹುಡುಗನೊಬ್ಬನ ಹತ್ತಿರ ಒಬ್ಬ ಏಜೆಂಟ್ ಅಡ್ವಾನ್ಸ್ ತೆಗೆದುಕೊಂಡು ಫೋನ್ ಸ್ವಿಚ್ ಆಫ್ ಮಾಡಿದ್ದಾನೆ. ಹುಡುಗ ಬಜ್ಪೆಯ ಕ್ಯಾಥೊಲಿಕ್ ಮನೆಯವನು, ಅಲಿಯಾ ಎಲ್ಲಿಂದ ಬರಬೇಕು ಮಾರಾಯ್ರೆ! ಅಂಥವರಿಗೆ ಬೇರೆ ದಾರಿ ಇದೆ, ಕೊನೆಯ ಹತ್ತಿರ ಹೇಳುತ್ತೇನೆ.

ಫೀಸು ಕೊಡುವುದು ಮಿನ್ಹಾಲ್ ಹಸ್ತುದೆಂತಿಮ್ ಅನ್ನುವ ವಿದ್ಯಾರ್ಥಿ ಕಚೇರಿ. ವಲಸೆ ಇಲಾಖೆ ಮತ್ತು ಜ್ಯೂಯಿಷ್ ಏಜೆನ್ಸಿ ಸೇರಿ ನಡೆಸುವುದು. ಇವರ ಲೆಕ್ಕದಲ್ಲಿ ನೆನಪಿಡಬೇಕಾದ ನಂಬರು 36. ಅಲಿಯಾ ಆದ ದಿನದಿಂದ 36 ತಿಂಗಳ ಒಳಗೆ ಓದು ಶುರು ಮಾಡಬೇಕು. ಸೈನ್ಯದಲ್ಲಿ ಕಳೆದ ಸಮಯವನ್ನು ಇದರಲ್ಲಿ ಹಿಡಿಯುವುದಿಲ್ಲ. ವಯಸ್ಸಿನ ಮಿತಿಯೂ ಇದೆ, ಮೊದಲ ಡಿಗ್ರಿಗೆ 27, ಮಾಸ್ಟರ್ಸ್‌ಗೆ 30. ಸಾಮಾನ್ಯವಾಗಿ ಡಿಗ್ರಿಗೆ 3 ವರ್ಷ, ಮಾಸ್ಟರ್ಸ್‌ಗೆ 2 ವರ್ಷದ ಫೀಸು. ಶುರು ಮಾಡಲು 36 ತಿಂಗಳು, ಅಂದರೆ ಮೂರು ವರ್ಷ ಅಂದ ಕೂಡಲೇ ಬೇಕಾದಷ್ಟು ಟೈಮ್ ಇದೆ ಅನಿಸುತ್ತದೆ ಅಲ್ವಾ? ಭಾಷೆ ಕಲಿಯಲು ಅರ್ಧ ವರ್ಷ, ತಯಾರಿ ಕೋರ್ಸಿಗೆ ಒಂದು ವರ್ಷ, ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದು ಇನ್ನೊಮ್ಮೆ ಬರೆದರೆ ಅಲ್ಲಿಗೆ ಎರಡು ವರ್ಷ ಹೋಯಿತು.

ಅದಕ್ಕೇ ಟಿಕೆಟ್ ಮಾಡುವ ಮೊದಲು ಒಂದು ತೀರ್ಮಾನ ಆಗಬೇಕು. ಪಿಯುಸಿ ಮುಗಿಸಿ ಹೋಗುವುದಾ, ಇಲ್ಲಿ ಡಿಗ್ರಿ ಮುಗಿಸಿ ಮಾಸ್ಟರ್ಸ್‌ಗೆ ಹೋಗುವುದಾ? ನನ್ನನ್ನು ಕೇಳಿದರೆ, ಹೀಬ್ರೂ ಅಆಇಈ ಕೂಡ ಬಾರದವರು ಇಲ್ಲೇ ಡಿಗ್ರಿ ಮುಗಿಸಿಕೊಳ್ಳುವುದು ಒಳ್ಳೆಯದು. ಮಾಸ್ಟರ್ಸ್‌ನಲ್ಲಿ ಇಂಗ್ಲಿಷ್ ಕೋರ್ಸುಗಳು ಜಾಸ್ತಿ, ಓದುವುದಕ್ಕೂ ಇಂಗ್ಲಿಷ್ ಪುಸ್ತಕಗಳೇ ಇರುತ್ತವೆ. ಆದರೆ ಹದಿನೆಂಟರಲ್ಲಿ ಹೋದವರಿಗೆ ಭಾಷೆ ಬೇಗ ಹತ್ತುತ್ತದೆ, ಗೆಳೆಯರೂ ಆಗುತ್ತಾರೆ, ಅದೂ ಸುಳ್ಳಲ್ಲ. ಸೇನಾಸೇವೆ ಎಷ್ಟು, ಇದೆಯೋ ಇಲ್ಲವೋ ಅನ್ನುವುದು ಅಲ್ಲಿಗೆ ಹೋಗುವಾಗಿನ ವಯಸ್ಸಿನ ಮೇಲೆ ಹೋಗುತ್ತದೆ, ಅದನ್ನೂ ಮನೆಯಲ್ಲಿ ಕೂತು ಮಾತಾಡಿ. ನರ್ಸಿಂಗ್ ಮಾಡಿದವರಿಗೆ ಸರ್ಟಿಫಿಕೇಟ್ ಒಂದೇ ಸಾಕಾಗುವುದಿಲ್ಲ, ಕೆಲಸಕ್ಕೆ ಅಲ್ಲಿನ ಆರೋಗ್ಯ ಇಲಾಖೆಯ ಲೈಸೆನ್ಸ್ ಬೇಕು.

ಈಗ ಆ ಪ್ಲಾಸ್ಟಿಕ್ ಫೈಲ್.

ತೆಗೆದು ನೋಡುತ್ತೇನೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್. ಪಿಯುಸಿಯಲ್ಲಿ ಇನಿಶಿಯಲ್ ಮುಂದೆ ಬಂದಿದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ, ಕೊನೆಗೆ "ಕರ್" ಅಂತ ಮುಗಿಯುವ ಅಡ್ಡಹೆಸರು. ಜನನ ಪ್ರಮಾಣಪತ್ರದಲ್ಲಿ ಅಡ್ಡಹೆಸರೇ ಇಲ್ಲ, ಹೆಸರಿನ ಸ್ಪೆಲ್ಲಿಂಗ್‌ನಲ್ಲಿ ಒಂದು 'ಎಚ್' ಬೇರೆ ಕಡಿಮೆ. ಒಬ್ಬಳೇ ಹುಡುಗಿ, ಕಾಗದದಲ್ಲಿ ನಾಲ್ಕು ಜನ! ನಮ್ಮಲ್ಲಿ ಇದು ಮನೆ ಮನೆ ಕಥೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿನ ಕೌಂಟರಿನಲ್ಲಿ ಕೂತವರಿಗೆ ಇನಿಶಿಯಲ್ ಅಂದರೆ ಏನು ಅಂತಲೇ ಗೊತ್ತಿಲ್ಲ. ನನ್ನ ಅಪ್ಪನ ಊರಿನ ಹೆಸರನ್ನು ನನ್ನ ಗಂಡನ ಹೆಸರು ಅಂದುಕೊಂಡವರು ಅವರು. ಆದ್ದರಿಂದ ಪಾಸ್‌ಪೋರ್ಟಿನ ಹೆಸರನ್ನು ಅಳತೆಗೋಲು ಮಾಡಿಕೊಂಡು ಉಳಿದದ್ದನ್ನು ಅದಕ್ಕೆ ಸರಿಹೊಂದಿಸಿ. ತಿದ್ದಿಸಲು ಆಗುವುದನ್ನು ತಿದ್ದಿಸಿ, ಆಗದೇ ಇದ್ದುದಕ್ಕೆ "ಇವೆಲ್ಲ ಒಬ್ಬರದ್ದೇ ಹೆಸರು" ಅಂತ ನೋಟರಿ ಅಫಿಡವಿಟ್ ಮಾಡಿಸಿ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಇದೇ ಮೊದಲ ಕೆಲಸ.

ಆಮೇಲೆ ಅಪೋಸ್ಟಿಲ್, ಅಂದರೆ ನಮ್ಮ ದಾಖಲೆ ಅಸಲಿ ಅಂತ ಹೊರದೇಶದವರು ಒಪ್ಪುವ ಮೊಹರು. ಜನನ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್‌ಗಳಿಗೆ ಮೊದಲು ರಾಜ್ಯದ ಇಲಾಖೆಯ ಮೊಹರು, ನಂತರ ವಿದೇಶಾಂಗ ಇಲಾಖೆಯ ಅಪೋಸ್ಟಿಲ್. ಪೊಲೀಸ್ ಕ್ಲಿಯರೆನ್ಸ್ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಗುತ್ತದೆ. ಇದನ್ನು ಕೊನೆಗೆ ಮಾಡಿಸಿ, ತುಂಬ ಹಳೆಯದಾದರೆ ಇನ್ನೊಮ್ಮೆ ತನ್ನಿ ಅಂತಾರೆ. ಯಹೂದಿ ಅನ್ನುವುದಕ್ಕೆ ದಾಖಲೆಯೂ ಬೇಕು. ಅಪ್ಪ ಅಮ್ಮನ ಮದುವೆ ಪತ್ರ, ಸಿನಗಾಗ್ ಅನ್ನುವ ಯಹೂದಿ ಪ್ರಾರ್ಥನಾ ಮಂದಿರದಿಂದ ಒಂದು ಪತ್ರ, ಅಜ್ಜ ಅಜ್ಜಿಯ ದಾಖಲೆ ಇದ್ದರೆ ಇನ್ನೂ ಒಳ್ಳೆಯದು. ಇವರ ಮನೆಯವರಿಗೆ ಅದಕ್ಕೆ ಮತ್ಸ್ಯಗಂಧ ರೈಲು ಹತ್ತಿ ಥಾಣೆಗೆ ಹೋಗದೆ ಬೇರೆ ದಾರಿ ಇಲ್ಲ. ಈ ಮಾತು ಬಂದಾಗ ಹುಡುಗಿಯ ಅಪ್ಪ ಒಂದು ಕಥೆ ಹೇಳಿದರು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವರ್ತಕ ಟುನೀಸಿಯಾ ಕಡೆಯಿಂದ ಬಂದು ನಮ್ಮ ಮಂಗಳೂರಿನಲ್ಲಿ ವರ್ಷಗಟ್ಟಲೆ ವ್ಯಾಪಾರ ಮಾಡಿದ್ದನಂತೆ. ಅವನ ಕಾಗದಪತ್ರಗಳು ಕೈರೋದ ಹಳೇ ಸಿನಗಾಗ್‌ನಲ್ಲಿ ಇಷ್ಟು ಕಾಲ ಉಳಿದು ಸಿಕ್ಕಿವೆ. "ಅವನದ್ದು ಸಿಗುತ್ತದೆ, ನನ್ನ ಅಪ್ಪನ ಬರ್ತ್ ಸರ್ಟಿಫಿಕೇಟ್ ಸಿಗುವುದಿಲ್ಲ ನೋಡಿ" ಅಂದರು.

ಹೀಬ್ರೂ ವಿಷಯಕ್ಕೆ ಬರುವ. ಓಲಿಮ್‌ಗೆ ಉಲ್ಪಾನ್ ಅನ್ನುವ ಭಾಷಾ ತರಗತಿ ಉಚಿತ. ಸುಮಾರು ಐದು ತಿಂಗಳು, ವಾರಕ್ಕೆ ಐದು ದಿನ, ದಿನಕ್ಕೆ ಐದು ಗಂಟೆ. ಬಲದಿಂದ ಎಡಕ್ಕೆ ಬರೆಯುವುದು ಒಂದೇ ವಾರದಲ್ಲಿ ಅಭ್ಯಾಸ ಆಗುತ್ತದೆ, ಕಷ್ಟ ಅದಲ್ಲ. ಅಲ್ಲಿ ದಿನನಿತ್ಯದ ಬರಹದಲ್ಲಿ ಕಾಗುಣಿತ ಹಾಕುವುದಿಲ್ಲ! ನಾವು 'ಕ'ಗೆ ಕೊಂಬು, ಇಳಿ, ದೀರ್ಘ ಎಲ್ಲ ಹಾಕಿ ಬೆಳೆದವರು. ಅವರು ಬರೀ ವ್ಯಂಜನ ಬರೆದು ಬಿಡುತ್ತಾರೆ, ಉಳಿದದ್ದು ಓದುವವರ ಹಣೆಬರಹ. ಸ, ಪ, ರ ಈ ಮೂರು ಅಕ್ಷರ ಇದ್ದರೆ ಸೆಫೆರ್ ಅಂತ ಓದಿದರೆ ಪುಸ್ತಕ, ಸಪರ್ ಅಂತ ಓದಿದರೆ ಕ್ಷೌರಿಕ. ಅರ್ಜೆಂಟೀನಾ ಹುಡುಗಿ ಬಂದ ಹೊಸತರಲ್ಲಿ ಒಂದು ಸೆಲೂನಿನ ಬೋರ್ಡ್ ಓದಿ "ಗಂಡಸರ ಪುಸ್ತಕ ಅಂತ ಅಂಗಡಿ ಇದೆ ಇಲ್ಲಿ" ಅಂತ ಮನೆಗೆ ಬಂದು ಹೇಳಿದಳು. ಅಜ್ಜಿ ನಕ್ಕೂ ನಕ್ಕೂ ಕೊನೆಗೆ ನಾನು ಬೆನ್ನು ಸವರಬೇಕಾಯಿತು. ಅಚ್ಚಿನ ಅಕ್ಷರ ಬೇರೆ, ಕೈಬರಹ ಬೇರೆ ಅನ್ನುವುದು ಇನ್ನೊಂದು. ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು ಪುಸ್ತಕದಲ್ಲಿ ಇದ್ದ ಹಾಗೆ ಕಾಣುವುದೇ ಇಲ್ಲ. ಎರಡೂ ಅಕ್ಷರಮಾಲೆ ಇಲ್ಲಿಂದಲೇ ಕಲಿತು ಹೋದರೆ ಉಲ್ಪಾನ್‌ನ ಮೊದಲ ವಾರಗಳು ಹಗುರ.

ಉಲ್ಪಾನ್ ಮುಗಿದರೆ ಸಂತೆಗೆ ಹೋಗುವಷ್ಟು ಹೀಬ್ರೂ ಬರುತ್ತದೆ, ಯೂನಿವರ್ಸಿಟಿ ಪಾಠಕ್ಕೆ ಸಾಲುವುದಿಲ್ಲ. ಅದಕ್ಕೆ ಮೆಖಿನಾ ಅಂತ ಒಂದು ವರ್ಷದ ತಯಾರಿ ಕೋರ್ಸ್. ಜೆರುಸಲೇಮಿನ ಹೀಬ್ರೂ ಯೂನಿವರ್ಸಿಟಿಯದ್ದು ಮೌಂಟ್ ಸ್ಕೋಪಸ್ ಗುಡ್ಡದ ಮೇಲೆ ಇದೆ. ಬೇರೆ ದೊಡ್ಡ ಯೂನಿವರ್ಸಿಟಿಗಳಲ್ಲೂ ಇದೆ. ಡಿಗ್ರಿಗೆ ಸೇರಲು ಸೈಕೋಮೆಟ್ರಿ ಪರೀಕ್ಷೆ ಕೇಳುತ್ತಾರೆ, ನಮ್ಮ ಸಿಇಟಿ ಇದ್ದ ಹಾಗೆ. ಗಣಿತ, ಭಾಷೆ, ಇಂಗ್ಲಿಷ್, ಅಂಕ 200ರಿಂದ 800ರ ತನಕ. ಹೀಬ್ರೂ ಬಿಟ್ಟು ಬೇರೆ ಭಾಷೆಗಳಲ್ಲೂ ನಡೆಯುತ್ತದೆ, ನಮ್ಮ ಅರ್ಜೆಂಟೀನಾ ಹುಡುಗಿ ಸ್ಪ್ಯಾನಿಷ್‌ನಲ್ಲಿ ಬರೆದಳು. ನಿಮಗೆ ಯಾವ ಭಾಷೆಯ ಪತ್ರಿಕೆ, ಯಾವ ತಿಂಗಳು ಅಂತ ಮೊದಲೇ ನೋಡಿ ಹೆಸರು ಕೊಡಿ. ಹೀಬ್ರೂ ಮಟ್ಟಕ್ಕೆ ಯಾಎಲ್ ಅಂತ ಬೇರೆ ಪರೀಕ್ಷೆ.

ಎಲ್ಲಿ ಓದುವುದು? ಎಂಜಿನಿಯರಿಂಗ್ ಅಂದರೆ ಹೈಫಾದ ಟೆಕ್ನಿಯಾನ್ ಹೆಸರು ಮೊದಲು ಬರುತ್ತದೆ, ಅಲ್ಲಿ ಎಂಜಿನಿಯರಿಂಗ್ 4 ವರ್ಷ. ಟೆಲ್ ಅವೀವ್, ಬಾರ್ ಇಲಾನ್, ಬೇರ್ ಶೇವಾದ ಬೆನ್ ಗುರಿಯನ್ ಎಲ್ಲ ದೊಡ್ಡವೇ. ಪ್ರವೇಶದ ಅಂಕ ಸಿಗದವರಿಗೆ ಓಪನ್ ಯೂನಿವರ್ಸಿಟಿ ಇದೆ, ಸೇರಲು ಯಾವ ಪರೀಕ್ಷೆಯೂ ಬೇಡ, ಆದರೆ ಪಾಠ ಹೀಬ್ರೂವಿನಲ್ಲೇ. ಪೂರ್ತಿ ಇಂಗ್ಲಿಷ್‌ನಲ್ಲಿ ಡಿಗ್ರಿ ಬೇಕು ಅಂದರೆ ಹರ್ಜ್ಲಿಯಾದ ರೈಕ್‌ಮನ್ ಯೂನಿವರ್ಸಿಟಿಯಲ್ಲಿ, ಟೆಲ್ ಅವೀವ್‌ನಲ್ಲಿ ಸಿಗುತ್ತದೆ. ಇಲ್ಲೇ ತುಂಬ ಜನ ಬೀಳುವ ಗುಂಡಿ. ವಿದ್ಯಾರ್ಥಿ ಕಚೇರಿ ಕೊಡುವುದು ಸರಕಾರಿ ಫೀಸಿನಷ್ಟು ಮಾತ್ರ, ಅಂದರೆ ವರ್ಷಕ್ಕೆ 10 ಸಾವಿರ ಶೆಕೆಲ್‌ಗಿಂತ ಸ್ವಲ್ಪ ಜಾಸ್ತಿ. ಇಂಗ್ಲಿಷ್ ಕೋರ್ಸಿನ ಫೀಸು ಅದರ ಎಷ್ಟೋ ಪಟ್ಟು. ಮೇಲಿನದ್ದು ನಿಮ್ಮ ಕೈಯಿಂದ.

ಖರ್ಚಿಗೆ ಮೊದಲ ತಿಂಗಳುಗಳಲ್ಲಿ ಸಲ್ ಕ್ಲಿಟಾ ಅಂತ ಸರಕಾರದ ಹಣ ಬರುತ್ತದೆ. ಸ್ವಲ್ಪ ಏರ್‌ಪೋರ್ಟಿನಲ್ಲೇ, ಉಳಿದದ್ದು ಕಂತಿನಲ್ಲಿ ಬ್ಯಾಂಕಿಗೆ, ಸುಮಾರು ಆರು ತಿಂಗಳು. ಟೆಲ್ ಅವೀವ್ ಕಡೆ ಬಾಡಿಗೆ ಕೇಳಿದರೆ ಈ ಹಣ ಎಲ್ಲಿಗೂ ಸಾಲುವುದಿಲ್ಲ ಅನಿಸುತ್ತದೆ, ಆದ್ದರಿಂದ ಹಾಸ್ಟೆಲ್‌ಗೆ ಅರ್ಜಿ ಪ್ರವೇಶದ ಜೊತೆಗೇ ಹಾಕಿ. ಪ್ರತಿ ಯೂನಿವರ್ಸಿಟಿಯಲ್ಲೂ ಓಲಿಮ್‌ಗೆ ಅಂತಲೇ ಒಬ್ಬರು ಸಂಯೋಜಕರು ಇರುತ್ತಾರೆ. ಸೇರಿದ ದಿನವೇ ಹೋಗಿ ಅವರ ಎದುರು ಕೂತುಬಿಡಿ. ಪರೀಕ್ಷೆಗೆ ಹೆಚ್ಚಿನ ಸಮಯ, ಟ್ಯೂಷನ್ ಗಂಟೆಗಳು, ಇದೆಲ್ಲ ಕೇಳಿದವರಿಗೆ ಸಿಗುತ್ತದೆ. ನಾವು ಕೇಳಲು ನಾಚಿಕೊಳ್ಳುವವರು, ಅಲ್ಲಿ ನಾಚಿಕೊಂಡವರು ಕ್ಯೂವಿನಲ್ಲೇ ಉಳಿಯುತ್ತಾರೆ.

ಯುದ್ಧದ ವಿಷಯ ಮನೆಯವರು ಕೇಳಿಯೇ ಕೇಳುತ್ತಾರೆ. 2023ರಲ್ಲಿ ಅಕ್ಟೋಬರಿನಲ್ಲಿ ಶುರುವಾಗಬೇಕಿದ್ದ ಕಾಲೇಜು ವರ್ಷ ಯುದ್ಧದಿಂದಾಗಿ ಡಿಸೆಂಬರ್ 31ಕ್ಕೆ ಶುರುವಾಯಿತು. ರೂಮು ನೋಡುವಾಗ ಮಮಾದ್ ಅನ್ನುವ ಭದ್ರ ಕೋಣೆ ಇದೆಯಾ, ಇಲ್ಲದಿದ್ದರೆ ಹತ್ತಿರದ ಶೆಲ್ಟರ್ ಎಷ್ಟು ಹೆಜ್ಜೆ ಅಂತ ನೋಡಿ.

ಇನ್ನು ಬಜ್ಪೆಯ ಹುಡುಗನಂಥವರು. ನಿಮಗೆ ವಿದ್ಯಾರ್ಥಿ ವೀಸಾ, ಫೀಸು ಪೂರ್ತಿ ನಿಮ್ಮದೇ. ಆದರೆ ವಿಜ್ಞಾನದಲ್ಲಿ ಚೆನ್ನಾಗಿದ್ದರೆ ರೆಹೊವೋತ್‌ನ ವೈಜ್ಮನ್ ಸಂಸ್ಥೆ ನೋಡಿ. ಅಲ್ಲಿ ಮಾಸ್ಟರ್ಸ್ ಮತ್ತು ಪಿಎಚ್‌ಡಿ ಮಾತ್ರ, ಪಾಠ ಇಂಗ್ಲಿಷ್‌ನಲ್ಲಿ, ಫೀಸು ಇಲ್ಲ, ಮೇಲಿಂದ ವಿದ್ಯಾರ್ಥಿವೇತನ. ಕೊಣಾಜೆಯ ಮಂಗಳೂರು ಯೂನಿವರ್ಸಿಟಿಯಲ್ಲೋ ಮಣಿಪಾಲದಲ್ಲೋ ಒಳ್ಳೆ ಅಂಕ ತೆಗೆದವರು ನೇರ ಅರ್ಜಿ ಹಾಕಬಹುದು, ನಡುವೆ ಏಜೆಂಟ್ ಬೇಡ. ಅಮ್ಮ ಅಲ್ಲಿ ಕೇರ್‌ಗಿವರ್ ಆಗಿದ್ದಾರೆ, ನಾನು ಆ ವೀಸಾದಲ್ಲೇ ಹೋಗಿ ಓದುತ್ತೇನೆ ಅಂದರೆ ಆಗುವುದಿಲ್ಲ, ಅದು ಒಬ್ಬರಿಗೆ ಕೆಲಸಕ್ಕೆ ಕೊಡುವ ವೀಸಾ.

ಓಲಿಮ್‌ಗೆ ಮತ್ತೊಂದು. ಅಲ್ಲಿ ಇಳಿದ ಮೇಲೆ ಗುರುತಿನ ಚೀಟಿ ಮಾಡುವಾಗ ನಿಮ್ಮ ಹೆಸರನ್ನು ಹೀಬ್ರೂವಿನಲ್ಲಿ ಬರೆದುಕೊಳ್ಳುತ್ತಾರೆ. ಕಾಗುಣಿತ ಇಲ್ಲ ಅಂದೆನಲ್ಲ, ಕೇಳಿಸಿದ ಹಾಗೆ ಬರೆಯುತ್ತಾರೆ. ಆ ಸ್ಪೆಲ್ಲಿಂಗೇ ಬ್ಯಾಂಕಿಗೆ, ಯೂನಿವರ್ಸಿಟಿಗೆ, ಕೊನೆಗೆ ಡಿಗ್ರಿ ಸರ್ಟಿಫಿಕೇಟಿಗೆ ಹೋಗುವುದು. ಮಂಗಳೂರಿನಲ್ಲಿ ಇರುವಾಗಲೇ ಹೀಬ್ರೂ ಬಲ್ಲವರ ಹತ್ತಿರ ಸರಿಯಾಗಿ ಬರೆಸಿಕೊಂಡು ಆ ಚೀಟಿಯನ್ನು ಪಾಸ್‌ಪೋರ್ಟಿನ ಒಳಗೆ ಇಟ್ಟುಕೊಳ್ಳಿ. ಪಕ್ಕದ ಮನೆಯ ಹುಡುಗಿಗೆ ನಾನೇ ಬರೆದುಕೊಟ್ಟಿದ್ದೇನೆ, "ಕರ್" ಕೂಡ ಸೇರಿಸಿ.