ಗವೇನನ ಕೊರಳಿನ ಗೀರು

‘ಸರ್ ಗವೇನ್ ಅಂಡ್ ದ ಗ್ರೀನ್ ನೈಟ್’ ಎಂಬ ಇಂಗ್ಲಿಷಿನ ಹಳೆಯ ಕಾವ್ಯದ ಕಥೆಯನ್ನು ಕನ್ನಡದ ಮಕ್ಕಳಿಗೆ ಹೇಳಲು ಹೊರಟು, ‘ನೈಟ್’ ಎಂದೇ ಬರೆದುಕೊಂಡು ಹೋದ ಮೊದಲ ಶನಿವಾರವೇ ಸಿಕ್ಕಿಬಿದ್ದೆ. ಬಡಾವಣೆಯ ಗ್ರಂಥಾಲಯದಲ್ಲಿ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ‘ಹಸಿರು ನೈಟ್’ ಎಂದು ಓದಿದಾಗ ಐದನೆಯ ತರಗತಿಯ ಹುಡುಗನೊಬ್ಬ ‘ರಾತ್ರಿ ಹೇಗೆ ಹಸಿರಾಗುತ್ತದೆ?’ ಎಂದು ಕೇಳಿದ. ಕುದುರೆಯೇರಿ ಕಾದುವ, ರಾಜನ ಸೇವೆಯಲ್ಲಿರುವ ವೀರನಾದ knightಗೂ ರಾತ್ರಿಯ nightಗೂ ಕನ್ನಡ ಲಿಪಿಯಲ್ಲಿ ಒಂದೇ ರೂಪ. ಅಂಥ ವೀರರ ಬಿರುದನ್ನು ಸೇರಿಸಿ ‘ಸರ್ ಗವೇನ್’ ಎಂದಾಗ ಇನ್ನೂ ಫಜೀತಿ. ಸರ್ ಎಂದರೆ ನಮ್ಮ ಮಕ್ಕಳಿಗೆ ಮೇಷ್ಟರು, ಅದೂ ಹೆಸರಾದ ಮೇಲೆ ಬರಬೇಕಾದ ಪದ. ಆ ಸಂಜೆಯಿಡೀ ಅವನು ‘ಗವೇನ್ ಸರ್’ ಆಗಿಯೇ ಉಳಿದ. ‘ಯೋಧ’ ಎಂದರೆ ಗಡಿ ಕಾಯುವವನು ಕಣ್ಣಿಗೆ ಬರುತ್ತಾನೆ. ‘ಬಂಟ’ನ ದನಿ ನನಗೆ ಇಷ್ಟವಾಗಿತ್ತು, ಆದರೆ ಕರಾವಳಿಯಲ್ಲಿ ಅದು ಸಮುದಾಯದ ಹೆಸರು. ಕೊನೆಗೆ ‘ಹಸಿರು ಸರದಾರ’ ಎಂದಾಯಿತು. ‘ಸರ್’ ಅನ್ನು ಕೈಬಿಟ್ಟೆ.

ನಾನು ಮಕ್ಕಳಿಗಾಗಿ ಮತ್ತೆ ಹೇಳಲು ಹೊರಟಿದ್ದು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ವಾಯವ್ಯ ಭಾಗದ ನುಡಿಯಲ್ಲಿ ಹುಟ್ಟಿದ, 2,530 ಸಾಲುಗಳ ಕಾವ್ಯದ ಕಥೆ. ಕವಿ ಯಾರೋ ತಿಳಿಯದು. ಇರುವುದು ಒಂದೇ ಹಸ್ತಪ್ರತಿ. ಅದಿದ್ದ ಗ್ರಂಥಭಂಡಾರಕ್ಕೆ 1731ರಲ್ಲಿ ಬೆಂಕಿ ಬಿದ್ದರೂ ಈ ಪ್ರತಿ ಉಳಿಯಿತು. 1839ರಲ್ಲಿ ಮೊದಲ ಬಾರಿಗೆ ಅಚ್ಚಾಯಿತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಹೊಸ ವರ್ಷದ ಔತಣ ನಡೆಯುತ್ತಿರುವ, ಬ್ರಿಟನ್ನಿನ ದಂತಕಥೆಗಳ ಆರ್ಥರ್ ರಾಜನ ಸಭೆಗೆ ಮೈ, ಗಡ್ಡ, ಕುದುರೆ ಎಲ್ಲವೂ ಹಸಿರಾದ ಒಬ್ಬ ನುಗ್ಗುತ್ತಾನೆ. ‘ಈ ಕೊಡಲಿಯಿಂದ ನನಗೊಂದು ಏಟು ಕೊಡಿ. ಒಂದು ವರ್ಷ ಒಂದು ದಿನ ಕಳೆದ ಮೇಲೆ ಅದನ್ನು ನಾನು ಹಿಂದಿರುಗಿಸುತ್ತೇನೆ.’ ರಾಜನ ಸರದಾರರಲ್ಲೊಬ್ಬನಾದ ಗವೇನ್ ಮುಂದೆ ಬಂದು ತಲೆ ಕಡಿಯುತ್ತಾನೆ. ಬಂದವನು ಉರುಳಿದ ತಲೆಯನ್ನು ಎತ್ತಿಕೊಂಡು ಕುದುರೆ ಹತ್ತುತ್ತಾನೆ. ಕೈಯಲ್ಲಿರುವ ತಲೆ ಕಣ್ಣು ತೆರೆದು ‘ಮಾತು ಮರೆಯಬೇಡ’ ಎನ್ನುತ್ತದೆ. ಮಕ್ಕಳು ಹೆದರಿಯಾರು ಎಂದು ಈ ಭಾಗವನ್ನು ಎರಡು ಸಲ ತೆಳುವಾಗಿಸಿದ್ದೆ. ರಾಹುಕೇತುಗಳ ಕಥೆ ಕೇಳಿ ಬೆಳೆದವರು ಹೆದರುವುದುಂಟೇ? ‘ರಕ್ತ ಯಾವ ಬಣ್ಣ?’ ಎಂದಷ್ಟೇ ಕೇಳಿದರು. ಮೂಲ ತೆಗೆದು ನೋಡಿದೆ. ಹಸಿರಿನ ಮೇಲೆ ಅದು ಹೊಳೆಯಿತು ಎಂದಿದೆ. ಹಾಗೆಯೇ ಸೇರಿಸಿದೆ.

ನಾನು ಅತಿ ಹೆಚ್ಚು ಸಲ ತಿದ್ದಿದ್ದು, ವರ್ಷ ತುಂಬುವ ಹೊತ್ತಿಗೆ ಆ ಏಟು ತಿನ್ನಲು ಗವೇನ್ ಹೊರಡುವ ಪ್ರಯಾಣದ ಭಾಗವನ್ನು. ಸಾಹಸದ ಕಥೆಯಲ್ಲವೇ, ದೈತ್ಯರ ಜೊತೆಗಿನ ಕಾಳಗವನ್ನೇ ಮೂರು ಪುಟ ಬೆಳೆಸಿದ್ದೆ. ಕವಿ ಮಾತ್ರ ತೋಳ, ಕರಡಿ, ದೈತ್ಯರನ್ನೆಲ್ಲ ಕೆಲವೇ ಸಾಲುಗಳಲ್ಲಿ ಮುಗಿಸಿ, ಕಾಳಗಕ್ಕಿಂತ ಚಳಿಯೇ ಕೆಟ್ಟದ್ದಾಗಿತ್ತು ಎನ್ನುತ್ತಾನೆ. ಗವೇನ್ ಕಬ್ಬಿಣದ ಕವಚ ತೊಟ್ಟೇ ಬಂಡೆಗಳ ನಡುವೆ ಮಲಗುತ್ತಾನೆ. ಮೇಲಿಂದ ಹರಿಯುವ ನೀರು ತಲೆಯ ಮೇಲೆಯೇ ಹೆಪ್ಪುಗಟ್ಟಿ ಕೋಲು ಕೋಲಾಗಿ ತೂಗುತ್ತದೆ. ನನ್ನ ಮೂರು ಪುಟ ಹರಿದು ಹಾಕಿದೆ. ಮೂಲದಲ್ಲಿ ಒಂದೊಂದು ಸಾಲಿನಲ್ಲೂ ಹಲವು ಪದಗಳು ಒಂದೇ ದನಿಯಿಂದ ಶುರುವಾಗುತ್ತವೆ. ನಮ್ಮ ಹಳೆಯ ಕಾವ್ಯಗಳಲ್ಲಿ ಪಾದದ ಎರಡನೆಯ ಅಕ್ಷರಕ್ಕೆ ಪ್ರಾಸವಿದ್ದರೆ ಅವರಲ್ಲಿ ಅದು ಪದದ ತಲೆಯಲ್ಲೇ. ಇಲ್ಲಿ ಮಾತ್ರ ಅದನ್ನು ಅನುಕರಿಸಿದೆ: ‘ಕೊರೆಯುವ ಕಾವಳ, ಕಡಿದಾದ ಕಣಿವೆ, ಕವಚದೊಳಗೆ ಕೊರಡಾದ ಕಾಲು.’ ಪುಸ್ತಕವಿಡೀ ಹೀಗೆ ಬರೆದರೆ ಓದುವವರ ಗತಿ ಏನು?

ಮುಂದಿನದು ಮುತ್ತಿನ ಪ್ರಕರಣ. ಗವೇನ್ ತಂಗಿದ ಕೋಟೆಯ ಒಡೆಯ ಒಂದು ಕರಾರು ಹಾಕುತ್ತಾನೆ: ‘ಬೇಟೆಯಲ್ಲಿ ನನಗೆ ಸಿಕ್ಕಿದ್ದು ನಿಮಗೆ, ಮನೆಯಲ್ಲಿ ನಿಮಗೆ ಸಿಕ್ಕಿದ್ದು ನನಗೆ.’ ಅವನು ಕಾಡಿಗೆ ಹೋದಾಗ ಅವನ ಹೆಂಡತಿ ಅತಿಥಿಯನ್ನು ಪರೀಕ್ಷಿಸುತ್ತಾಳೆ; ಮೊದಲ ದಿನ ಒಂದು ಮುತ್ತು, ಮರುದಿನ ಎರಡು, ಮೂರನೆಯ ದಿನ ಮೂರು. ಸಂಜೆ ಗವೇನ್ ಅಷ್ಟನ್ನೂ ಗಡ್ಡದ ಒಡೆಯನಿಗೆ ಲೆಕ್ಕ ಹಾಕಿ ಒಪ್ಪಿಸಬೇಕು. ಮಕ್ಕಳ ಪುಸ್ತಕ, ಹೂವು ಮಾಡಿಬಿಡಿ ಎಂದರು ಸಂಪಾದಕರು. ಮಾಡಿದೆ. ಶನಿವಾರ ಓದಿದೆ, ಯಾರೂ ನಗಲಿಲ್ಲ. ಹೂವು ಕೊಟ್ಟರೆ ಮುಜುಗರವೆಲ್ಲಿ? ಮುತ್ತನ್ನು ವಾಪಸು ತಂದೆ. ಆಗ ಏಳು ವರ್ಷದವಳೊಬ್ಬಳು ‘ಅಷ್ಟು ಮುತ್ತುಗಳನ್ನು ಎಲ್ಲಿ ಇಟ್ಟುಕೊಂಡಿದ್ದ?’ ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ಸರದ ಮುತ್ತು. ದೊಡ್ಡ ಹುಡುಗರು ಬಿದ್ದು ಬಿದ್ದು ನಕ್ಕರು. ಕನ್ನಡ ತಾನಾಗಿಯೇ ಹಾಕಿಕೊಟ್ಟ ಈ ತೆರೆಯನ್ನು ಸರಿಸಲು ನಾನು ಹೋಗಲಿಲ್ಲ, ಸಂಪಾದಕರೂ ಒಪ್ಪಿದರು. ವಿಚಿತ್ರವೆಂದರೆ ಅದೇ ಹಸ್ತಪ್ರತಿಯ ಮೊದಲ ಕಾವ್ಯದ ವಸ್ತುವೇ ಒಂದು ಮುತ್ತು, ಸರದ ಮುತ್ತು!

ಬೇಟೆಯ ಮಾಂಸ ಕಡಿಯುವ ವಿವರಗಳನ್ನು ಕತ್ತರಿಸಿದೆ. ಆದರೆ ಜಿಂಕೆ, ಹಂದಿ, ನರಿ ಎಂಬ ಕ್ರಮವನ್ನು ಮುಟ್ಟಲಿಲ್ಲ, ಏಕೆಂದರೆ ನರಿ ಸಿಕ್ಕಿದ ದಿನವೇ ಗವೇನ್ ನರಿಯಾಗುತ್ತಾನೆ. ಸೊಂಟಕ್ಕೆ ಕಟ್ಟಿಕೊಂಡವರನ್ನು ಯಾರೂ ಕೊಲ್ಲಲಾರರು ಎಂದು ಆಕೆ ಕೊಟ್ಟ ಹಸಿರು ರೇಷ್ಮೆಯ ನಡುಪಟ್ಟಿಯನ್ನು ಒಡೆಯನಿಗೆ ಒಪ್ಪಿಸದೆ ಬಚ್ಚಿಡುತ್ತಾನೆ.

ಇಲ್ಲಿ ನಾನು ಮೋಸ ಮಾಡಿದ್ದೆ. ಮೊದಲ ಕರಡಿನಲ್ಲಿ ಗವೇನ್ ಆ ಪಟ್ಟಿಯ ವಿಷಯ ‘ಮರೆತ’ ಎಂದು ಬರೆದಿದ್ದೆ. ಸಾವು ಕಾದಿದೆ ಎಂದು ತಿಳಿದೂ ಕೊಟ್ಟ ಮಾತಿಗೆ ಹೊರಡುವವನು ನಮಗೆ ಹೊಸಬನಲ್ಲ. ಹುಲಿಯ ಬಳಿಗೆ ಮರಳುವ ಪುಣ್ಯಕೋಟಿಯ ಕಥೆ ಪ್ರತಿ ಮಗುವಿಗೂ ಗೊತ್ತು. ಆ ಸಾಲಿನಲ್ಲೇ ಗವೇನನನ್ನೂ ನಿಲ್ಲಿಸುವ ಆಸೆ ನನಗೆ. ಆರನೆಯ ತರಗತಿಯ ಹುಡುಗಿಯೊಬ್ಬಳು ತಡೆದಳು: ‘ಪುಣ್ಯಕೋಟಿ ಏನನ್ನೂ ಬಚ್ಚಿಡಲಿಲ್ಲ. ಇವನು ಮರೆತಿಲ್ಲ, ಹೆದರಿದ್ದಾನೆ.’ ಮನೆಗೆ ಬಂದು ‘ಮರೆತ’ ಎಂಬುದನ್ನು ಹೊಡೆದು ‘ಹೇಳಲಿಲ್ಲ’ ಎಂದು ಬರೆದೆ.

ಹಸಿರು ಸರದಾರನೇ ಆ ಒಡೆಯ. ಮೊದಲೆರಡು ಸಲ ಕೊಡಲಿ ಬೀಸಿಯೂ ತಡೆಯುತ್ತಾನೆ, ಮೂರನೆಯ ಏಟಿಗೆ ಕೊರಳ ಮೇಲೆ ಒಂದು ಗೀರು ಮಾತ್ರ ಬೀಳುತ್ತದೆ. ಆ ಗೀರು ಪಟ್ಟಿ ಬಚ್ಚಿಟ್ಟಿದ್ದಕ್ಕೆ. ಇದೆಲ್ಲ ಮಾರ್ಗನ್ ಎಂಬ ಮಾಯಾವಿನಿಯ ಹೂಟ ಎಂಬ ವಿವರಣೆಯನ್ನು ಕವಿ ಕೊನೆಗೆ ತುರುಕಿದಂತೆ ನನಗೆ ಯಾವಾಗಲೂ ಅನ್ನಿಸಿದೆ. ಅದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದೆ. ಗವೇನ್ ನಾಚಿಕೆಯಿಂದ ಆ ಪಟ್ಟಿಯನ್ನು ತನ್ನ ತಪ್ಪಿನ ಗುರುತಾಗಿ ತೊಟ್ಟು ಮರಳುತ್ತಾನೆ. ಸಭೆ ನಗುತ್ತದೆ, ಎಲ್ಲರೂ ಅಂಥದೇ ಹಸಿರು ಪಟ್ಟಿ ಧರಿಸುವುದೆಂದು ತೀರ್ಮಾನಿಸುತ್ತಾರೆ. ಗವೇನನೂ ನಕ್ಕನೇ? ಕವಿ ಹೇಳುವುದಿಲ್ಲ.

ಚಿತ್ರ ಬರೆಯುವವರು ಫೋನ್ ಮಾಡಿ ಕೊನೆಯ ಪುಟದಲ್ಲಿ ಅವನ ಮುಖದ ಭಾವ ಏನಿರಬೇಕೆಂದು ಕೇಳಿದರು. ಎರಡು ದಿನ ಯೋಚಿಸಿದೆ. ‘ಬೆನ್ನು ಬರೆಯಿರಿ, ಕೂದಲು ಸ್ವಲ್ಪ ಮೇಲಿರಲಿ, ಗೀರು ಕಾಣಬೇಕು’ ಎಂದೆ.