ಅಡಿಕೆ ಅಟ್ಟದಲ್ಲಿ ಸೈಟ್ರಾನ್ಸ್: ಕಿಕ್ಕು, ಬೇಸು ಕೊನೆಗೂ ಕೂತಿದ್ದು ಹೀಗೆ

ಒಳ್ಳೆ ಮಾನಿಟರ್ ಸ್ಪೀಕರ್, ಸದ್ದು ಮಾರ್ದನಿಸದ ಹಾಗೆ ಟ್ರೀಟ್ ಮಾಡಿದ ರೂಮ್ ಇಲ್ಲದೆ ಸೈಟ್ರಾನ್ಸ್‌ನ (ವೇಗದ ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತ) ಲೋ ಎಂಡ್, ಅಂದ್ರೆ ಕಿಕ್ ಡ್ರಮ್ಮು, ಬೇಸು ಸೇರಿದ ತಗ್ಗು ಸದ್ದು, ಕೂರಿಸಲು ಆಗುವುದೇ ಇಲ್ಲ ಅಂತ ನನಗೆ ಹೇಳದವರಿಲ್ಲ. ಗೋವಾದ ಸ್ಟುಡಿಯೋದವರು ಹೇಳಿದರು, ಕಾರವಾರದ ಡಿಜೆ ಗೆಳೆಯರೂ ಹೇಳಿದರು. ಸಿರ್ಸಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಮಾಡಿದ ಟ್ರ್ಯಾಕ್ ಕಳೆದ ಸೀಸನ್‌ನಲ್ಲಿ ಗೋವಾದ ಪಾಲೋಲೆಂ ಬೀಚ್ ಕಡೆ ಒಂದು ಸಂಜೆ ಸೆಟ್‌ನಲ್ಲಿ ಓಡಿತು. ಹಿಂದೆ ಮುಂದೆ ಎರಡೂ ಯುರೋಪಿನ ಟ್ರ್ಯಾಕ್. ಡಿಜೆ ಬೇಸ್ ಏರಿಸಿ ಇಳಿಸುವ ಲೋ ನಾಬ್ ಮುಟ್ಟಲೇ ಇಲ್ಲ, ಅಂದ್ರೆ ನನ್ನ ಲೋ ಎಂಡ್ ಅವುಗಳ ಜೊತೆ ಸರಿಯಾಗಿ ಕೂತಿತ್ತು. ಈ ಕೆಲಸ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು.

ಮೊದಲು ದುಡ್ಡಿನ ಲೆಕ್ಕ. ಆಡಿಯೋ ಇಂಟರ್‌ಫೇಸ್‌ಗೆ (ಕಂಪ್ಯೂಟರ್‌ನ ಸದ್ದು ಹೊರತರುವ ಪೆಟ್ಟಿಗೆ) 9-10 ಸಾವಿರ, ಹೆಡ್‌ಫೋನ್‌ಗೂ ಹೆಚ್ಚುಕಡಿಮೆ ಅಷ್ಟೇ. ಸಂಗೀತ ಜೋಡಿಸುವ ಸಾಫ್ಟ್‌ವೇರ್ ರೀಪರ್‌ನ ಲೈಸೆನ್ಸ್ 60 ಡಾಲರ್. ಸದ್ದು ಹುಟ್ಟಿಸುವ ಸಿಂತ್ ವೈಟಲ್, ಫ್ರೀ. ನಿಜವಾಗಿ ಬೇಕಾಗಿದ್ದು ಇಷ್ಟೇ. ಆದರೆ ಎಲ್ಲರ ಮಾತು ಕೇಳಿ ಸೆಕೆಂಡ್ ಹ್ಯಾಂಡ್ 5 ಇಂಚಿನ ಮಾನಿಟರ್ ಜೋಡಿ ತಂದೆ, ಸುಮಾರು 14 ಸಾವಿರ. 50 ಹರ್ಟ್ಸ್‌ನ ಕೆಳಗೆ ಅದರಲ್ಲಿ ಏನೂ ನಂಬುವ ಹಾಗಿರಲಿಲ್ಲ. ಗೋಡೆಗೆ ಹಚ್ಚಿದ ಫೋಮ್‌ಗೆ ಮೂರೋ ನಾಲ್ಕೋ ಸಾವಿರ. ಮಳೆಗಾಲ ಹಿಡಿದ ಮೇಲೆ ಅಂಟು ಬಿಟ್ಟು ಕೆಳಗೆ ಬಿತ್ತು, ಬಿದ್ದಲ್ಲೇ ಬೂಷ್ಟು ಹಿಡಿಯಿತು.

ಅಚ್ಚರಿ ಅಂದ್ರೆ, ಕೆಲಸಕ್ಕೆ ಬಂದಿದ್ದು ಚಾಲಿ ಅಡಿಕೆ ಚೀಲ. ಎರಡು ಮೂಲೆಯಲ್ಲಿ ಮಾಡಿನವರೆಗೂ ಚೀಲ ಪೇರಿಸಿದಾಗ ಬೇಸ್‌ನ ಗುಂಯ್ ಅನ್ನುವ ಬಾಲ ಕಡಿಮೆಯಾಗಿ ಹೊಡೆತ ಬಿಡಿಬಿಡಿಯಾಗಿ ಕೇಳಿಸಿತು. ಎರಡು ತಿಂಗಳು ಚೆನ್ನಾಗಿತ್ತು. ಅಷ್ಟರಲ್ಲಿ ಅಡಿಕೆ ದರ ಏರಿತು, ಅಪ್ಪ ಚೀಲ ಇಳಿಸಿ ಸೊಸೈಟಿಗೆ ಕಳಿಸಿದರು, ಅಟ್ಟ ಮತ್ತೆ ಗುಂಯ್ ಅನ್ನತೊಡಗಿತು. ಅಲ್ಲಿಗೆ ಸ್ಪೀಕರ್ ಮಾರಿದೆ, ನಾಲ್ಕು ಸಾವಿರ ಲಾಸ್. ಆಮೇಲೆ ಹೆಡ್‌ಫೋನ್ ಮತ್ತು ಸದ್ದಿನ ಅಲೆಯನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಪ್ಲಗಿನ್, ಇವೆರಡರಲ್ಲೇ ಪೂರ್ತಿ ಕೆಲಸ.

ನನ್ನ ವಾದ ಇಷ್ಟೇ. 145 ಬಿಪಿಎಂನಲ್ಲಿ (ನಿಮಿಷಕ್ಕೆ 145 ಬೀಟ್) ಒಂದು ಬೀಟ್ ನಾಲ್ಕು ಪಾಲಾದರೆ ಪಾಲಿಗೆ 103 ಮಿಲಿಸೆಕೆಂಡ್. ಮೊದಲನೆಯದು ಕಿಕ್‌ಗೆ, ಮೂರು ಬೇಸ್‌ಗೆ. 49 ಹರ್ಟ್ಸ್‌ನ ಜಿ ಸ್ವರದ ಒಂದು ಅಲೆಗೇ 20 ಮಿಲಿಸೆಕೆಂಡ್ ಬೇಕು. ಅಂದ್ರೆ ಒಂದು ಪಾಲಿನಲ್ಲಿ ಹಿಡಿಯುವುದು ಐದೇ ಅಲೆ! ಇಷ್ಟು ಕಡಿಮೆ ಇರುವಾಗ ಪ್ರತಿ ಅಲೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅನ್ನುವುದೇ ಎಲ್ಲ. ಅದನ್ನು ಕಣ್ಣಲ್ಲಿ ನೋಡಬಹುದು, ಕಿವಿಗೆ ಕಾಯಬೇಕಾಗಿಲ್ಲ.

ಕಿಕ್ ಬಂದಾಗೆಲ್ಲ ಬೇಸ್ ತಗ್ಗಿಸುವ ಸೈಡ್‌ಚೈನ್ ಕಂಪ್ರೆಸರ್ ಜೊತೆ ತಿಂಗಳುಗಟ್ಟಲೆ ಗುದ್ದಾಡಿದೆ. ರಿಲೀಸ್ (ಬೇಸ್ ಮತ್ತೆ ಮೇಲೇಳುವ ಸಮಯ) ಎಷ್ಟೇ ಇಳಿಸಿದರೂ ಕಿಕ್ ಆದಮೇಲಿನ ಮೊದಲ ಬೇಸ್ ಸೊರಗುತ್ತಿತ್ತು. ಇಕ್ಯೂನಲ್ಲಿ ಒಂದಕ್ಕೊಂದು ತಾಗುವ ಹರ್ಟ್ಸ್ ಕೊರೆದರೆ ಎರಡೂ ತೆಳ್ಳಗಾಗುತ್ತಿದ್ದವು. ಎರಡನ್ನೂ ತೆಗೆದು ಹಾಕಿದೆ. ಈಗ ಕಿಕ್ ಅನ್ನು ಆಡಿಯೋ ಫೈಲ್ ಮಾಡಿ 95 ಮಿಲಿಸೆಕೆಂಡ್ ಆಸುಪಾಸಿಗೆ ಕತ್ತರಿಸುತ್ತೇನೆ, ಕೊನೆಗೆ ಚಿಕ್ಕ ಫೇಡ್. ಬೇಸ್‌ಗೆ ಗರಗಸದ ಹಲ್ಲಿನಂಥ ಒಂದೇ ಸಾ (saw) ಅಲೆ, ಮೇಲಿನ ಸದ್ದು ತೆಗೆಯುವ 24 ಡಿಬಿ ಲೋಪಾಸ್ ಫಿಲ್ಟರ್, ಪ್ರತಿ ಸ್ವರವೂ ಅಲೆಯ ಒಂದೇ ಜಾಗದಿಂದ ಶುರುವಾಗಲಿ ಅಂತ ಫೇಸ್ ರ‍್ಯಾಂಡಮ್ ಸೊನ್ನೆ. ಹತ್ತಾರು ಸ್ವರ ರೆಂಡರ್ ಮಾಡಿ, ಚೆಂದ ಕಂಡ ಒಂದನ್ನೇ ಆರಿಸಿ ಮೂರೂ ಕಡೆ ಅಂಟಿಸುತ್ತೇನೆ. ಕಿಕ್‌ನ ಕೊನೆಯ ಅಲೆ ಕೆಳಗಿನಿಂದ ಬಂದು ಸೊನ್ನೆ ಗೆರೆ ಮುಟ್ಟಬೇಕು, ಬೇಸ್ ಅಲ್ಲಿಂದಲೇ ಮೇಲೆ ಏಳಬೇಕು. ಉಲ್ಟಾ ಕಂಡರೆ ಬೇಸ್‌ನ ಪೋಲಾರಿಟಿ ತಿರುಗಿಸಿ, ಅಲೆ ಮೇಲೆ ಕೆಳಗಾಗುತ್ತದೆ. ಬೇಸ್ ಮೇಲೆ ಡಿಸ್ಟಾರ್ಷನ್ ಎಲ್ಲಿ, ಎಷ್ಟು ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಟೆಸ್ಟ್ ಮಾಡಿದ್ದು ಮದುವೆಗೆ, ಯಕ್ಷಗಾನಕ್ಕೆ ಮೈಕ್ ಸೆಟ್ ಕೊಡುವವರ ಗೋದಾಮಿನಲ್ಲಿ. ಗಂಟೆಗೆ 500 ರೂಪಾಯಿ ಕೊಟ್ಟೆ. ಮಾರಿಕಾಂಬೆ ಜಾತ್ರೆಯ ಹೊತ್ತಿಗೆ ಹೋದರೆ ಅವರ 18 ಇಂಚಿನ ಬಿನ್ (ದೊಡ್ಡ ಬೇಸ್ ಸ್ಪೀಕರ್) ಒಂದೂ ಸಿಗುವುದಿಲ್ಲ, ಮಳೆಗಾಲದಲ್ಲೇ ಹೋಗಬೇಕು. ಮೊದಲ ಸಲ ಮಾಲೀಕರು ಸ್ವಲ್ಪ ಹೊತ್ತು ಕೇಳಿ, "ತಮಾ, ಮೂರು ಹೊಡೆತ ಅಂತೀಯ, ನಂಗೆ ಎರಡೇ ಕೇಳ್ತದೆ" ಅಂದರು. ಸೈಟ್ರಾನ್ಸ್ ಅವರು ಅದೇ ಮೊದಲು ಕೇಳಿದ್ದು. ಆದರೆ ಚಂಡೆ ಕೇಳಿ ಪಳಗಿದ ಕಿವಿ. ಆ ಟ್ರ್ಯಾಕ್ ಇ ಸ್ವರದಲ್ಲಿತ್ತು, 41 ಹರ್ಟ್ಸ್. ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಅವರ ಕ್ರಾಸ್‌ಓವರ್ 45ರ ಕೆಳಗಿನದನ್ನು ಕತ್ತರಿಸುತ್ತಿತ್ತು. ನಮ್ಮ ಕಡೆಯ ಬಾಡಿಗೆ ಸಿಸ್ಟಮ್‌ಗಳಲ್ಲಿ ನಾನು ಕಂಡಿದ್ದು ಹೆಚ್ಚಾಗಿ ಇದನ್ನೇ. ಜಿಗೆ ಏರಿಸಿದೆ, ಮುಂದಿನ ಸಲ ಮೂರೂ ಕೇಳಿದವು.

ಇದರ ನಡುವೆ ಚಂಡೆಯನ್ನೂ ಪ್ರಯತ್ನಿಸಿದೆ. ಯಕ್ಷಗಾನದ ತ್ರಿವುಡೆ ತಾಳದ ಏಳರ ಲೆಕ್ಕ ಹಿಡಿದು ಹದಿನಾರನೇ ಪಾಲಿನ ಏಳು ಹೊಡೆತದ ಲೂಪ್ ಮಾಡಿದರೆ, ಅದು ಬಾರ್‌ನ (ನಾಲ್ಕು ಬೀಟ್, ಹದಿನಾರು ಪಾಲು) ಮೊದಲ ಕಿಕ್ ಜೊತೆ ಮತ್ತೆ ಕೂಡುವುದು ಏಳು ಬಾರ್ ಆದಮೇಲೆ. ಆದರೆ ಸೈಟ್ರಾನ್ಸ್‌ನಲ್ಲಿ ತಿರುವು ಬರುವುದು ಎಂಟಕ್ಕೆ. ಉಳಿದ ಒಂದು ಬಾರ್‌ನಲ್ಲಿ ಚಂಡೆ ನಿಲ್ಲಿಸಿ ರೈಸರ್ (ಏರುತ್ತಾ ಹೋಗುವ ಸದ್ದು) ಹಾಕಿದೆ, ಬಹಳ ಚೆನ್ನಾಗಿ ಬಂತು. ಲೀಡ್‌ಗೆ, ಅಂದ್ರೆ ಮೇಲಿನ ಮುಖ್ಯ ಸಾಲಿಗೆ, ಬಸಂತ್ ಮುಖಾರಿ ರಾಗದ ಸ್ವರ. ಈ ಸಂಗೀತದಲ್ಲಿ ಬಹಳ ಜನ ಬಳಸುವ ಪಾಶ್ಚಾತ್ಯ ಸ್ವರಶ್ರೇಣಿ ಫ್ರಿಜಿಯನ್ ಡಾಮಿನೆಂಟ್‌ನ ಸ್ವರಗಳೂ ಅವೇ. ಹಾಗಾಗಿ ಸುಮ್ನೆ ಸಾಫ್ಟ್‌ವೇರ್‌ನ ಪಿಯಾನೋ ರೋಲ್‌ನಲ್ಲಿ ಚುಕ್ಕಿ ಇಡುವ ಬದಲು, ಹಾಡುವ ಸ್ನೇಹಿತನನ್ನು ಕೂರಿಸಿ ಹಾಡಿಸಿ ಸಾಲು ಹೊಂದಿಸಿದೆ. ಗಮಕ ಮಾತ್ರ ಬಿಟ್ಟೆ. 145ರಲ್ಲಿ ಅದಕ್ಕೆ ಜಾಗವಿಲ್ಲ.

ಈಗ 160 ಬಿಪಿಎಂನ ಡಾರ್ಕ್ ಟ್ರ್ಯಾಕ್ ಹಿಡಿದಿದ್ದೇನೆ. ಪಾಲಿಗೆ 94 ಮಿಲಿಸೆಕೆಂಡ್‌ಗಿಂತ ಜಾಸ್ತಿ ಸಿಗುವುದಿಲ್ಲ, ಹಳೆ ಕಿಕ್ ಅದರಲ್ಲಿ ಹಿಡಿಯುವುದಿಲ್ಲ. ಬೇಸ್ ಅನ್ನು 55 ಹರ್ಟ್ಸ್‌ನ ಎಗೆ ಏರಿಸಿದರೆ ಐದು ಅಲೆ ಮತ್ತೆ ಹಿಡಿಯುತ್ತವೆ. ಮಳೆಗಾಲ ಶುರುವಾದ ಕೂಡಲೇ ಗೋದಾಮಿಗೆ ಒಯ್ಯುತ್ತೇನೆ.