ಒಂದು ಕೈಯಲ್ಲಿ ಮಗು, ಇನ್ನೊಂದು ಕೈಗೆ ಏನು ಸಿಗಬೇಕು?

ಮಗು ಹುಟ್ಟುವ ಮುಂಚೆ ಏನೇನು ತಂದಿಡಬೇಕು ಎಂದು ಯಾರನ್ನು ಕೇಳಿದರೂ ಉದ್ದದ ಪಟ್ಟಿ ಸಿಗುತ್ತದೆ. ಅಂಗಡಿಯವರ ಪಟ್ಟಿ ಬೇರೆ, ಗೆಳತಿಯರ ಪಟ್ಟಿ ಬೇರೆ, ಆಸ್ಪತ್ರೆಯವರು ಕೊಡುವುದು ಇನ್ನೊಂದು. ಎರಡನೇ ಹೆರಿಗೆಯ ತಯಾರಿ ಶುರು ಮಾಡಿದಾಗ ನಾನು ಅವೆಲ್ಲವನ್ನೂ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಹಿಡಿದುಕೊಂಡೆ: ನಡುರಾತ್ರಿ, ಒಂದು ಕೈಯಲ್ಲಿ ಅಳುವ ಮಗು ಇರುವಾಗ, ಇನ್ನೊಂದು ಕೈಗೆ ಏನು ಸಿಗಬೇಕು?

ಆಗ ಪಟ್ಟಿ ತಾನೇ ಚಿಕ್ಕದಾಯಿತು. ಜೊತೆಗೆ ಯಾವ ವಸ್ತು ಬೇಕು ಎನ್ನುವಷ್ಟೇ ಮುಖ್ಯ ಅದು ಎಲ್ಲಿರಬೇಕು ಎನ್ನುವುದೂ ಎಂದು ಗೊತ್ತಾಯಿತು. ಕಪಾಟಿನ ಮೇಲಿನ ಖಾನೆಯಲ್ಲಿ, ಪ್ಯಾಕೆಟ್ ಒಡೆಯದೆ ಇರುವ ಡೈಪರ್ ಆ ಹೊತ್ತಿಗೆ ಇದ್ದೂ ಇಲ್ಲದ ಹಾಗೆ.

ಕೊಟ್ಟ ತಾರೀಖಿನ ದಿನವೇ ಹುಟ್ಟುವ ಮಕ್ಕಳು ಬಹಳ ಕಡಿಮೆ. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಆಗಬಹುದು, ಕೆಲವರಿಗೆ ಅದಕ್ಕೂ ಮುಂಚೆ. ಹಾಗಾಗಿ 34ನೇ ವಾರದೊಳಗೆ ಬಟ್ಟೆ ಒಗೆದು ಮಡಿಸಿಡುವುದು, 35ಕ್ಕೆ ಆಸ್ಪತ್ರೆಯ ಚೀಲ ಬಾಗಿಲ ಹತ್ತಿರ ಇಡುವುದು ಎಂದು ಲೆಕ್ಕ ಹಾಕಿಕೊಂಡೆ. ಕೊನೆಯ ವಾರಗಳಲ್ಲಿ ಬಗ್ಗಿ ಏಳುವುದೇ ಕಷ್ಟ. ಅಂಗಡಿ ಸುತ್ತುವ ಕೆಲಸ ಅದಕ್ಕೆ ಮುಂಚೆಯೇ ಮುಗಿದಿರಬೇಕು.

ಮೊದಲು ಮಲಗುವ ಜಾಗ. ಇದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಸಮಯ ಕೊಟ್ಟೆ, ಯಾಕೆಂದರೆ ಇಲ್ಲಿ ಚೆಂದಕ್ಕೂ ಸುರಕ್ಷತೆಗೂ ನೇರ ಜಗಳ ಇದೆ. ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಪುಟ್ಟ ದಿಂಬು, ಮೆತ್ತನೆ ಹೊದಿಕೆ, ತೊಟ್ಟಿಲ ಸುತ್ತ ಕಟ್ಟುವ ದಪ್ಪ ಬಟ್ಟೆ, ಗೊಂಬೆ, ಇವು ಯಾವುವೂ ಎಳೆಮಗುವಿನ ಪಕ್ಕ ಇರಬಾರದು. ಮುಖ ಅದರಲ್ಲಿ ಹುದುಗಿದರೆ ತಿರುಗಿಸಿಕೊಳ್ಳುವ ಶಕ್ತಿ ಮಗುವಿಗೆ ಇರುವುದಿಲ್ಲ. ಬೇಕಾದದ್ದು ಗಟ್ಟಿಯಾದ, ಸಮತಟ್ಟಾದ ಹಾಸಿಗೆ. ಅದಕ್ಕೆ ಬಿಗಿಯಾಗಿ ಕೂರುವ ಒಂದು ಹಾಸುಬಟ್ಟೆ. ಅಷ್ಟೇ. ಸರಳುಗಳಿರುವ ತೊಟ್ಟಿಲಾದರೆ ಸರಳುಗಳ ನಡುವಿನ ಸಂದಿ 6 ಸೆಂಟಿಮೀಟರ್‌ಗಿಂತ ಜಾಸ್ತಿ ಇರದಂತೆ ನೋಡಿ. ನಾನು ಅಳತೆ ಟೇಪ್ ಹಿಡಿದೇ ನೋಡಿದೆ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಬೆರಳು ಸಲೀಸಾಗಿ ಇಳಿಯುವಷ್ಟು ಜಾಗ ಇದ್ದರೂ ಅದು ಸರಿಯಾದ ಅಳತೆಯಲ್ಲ.

ಮಗುವನ್ನು ಯಾವಾಗಲೂ ಅಂಗಾತ ಮಲಗಿಸಬೇಕು. ಅಮೆರಿಕದಲ್ಲಿ 1990ರ ದಶಕದಲ್ಲಿ ಈ ಮಾತನ್ನು ಮನೆಮನೆಗೆ ಮುಟ್ಟಿಸಿದ ಮೇಲೆ, ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಎಳೆಮಕ್ಕಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ದೊಡ್ಡ ಫಲ! ಇದನ್ನು ನಾನು ಮಗು ನೋಡಿಕೊಳ್ಳಲು ಬರುವವರಿಗೆಲ್ಲ ಮೊದಲೇ ಹೇಳಿಟ್ಟಿದ್ದೆ. ತೊಟ್ಟಿಲು ನಮ್ಮ ಕೋಣೆಯಲ್ಲೇ, ನನ್ನ ಮಂಚಕ್ಕೆ ತಾಗಿದ ಹಾಗೆ ಇತ್ತು. ಮೊದಲ ಆರು ತಿಂಗಳಾದರೂ ಒಂದೇ ಕೋಣೆ, ಆದರೆ ಮಗುವಿಗೆ ಬೇರೆ ಹಾಸಿಗೆ. ಇದೇ ಒಳ್ಳೆಯದು ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ರಾತ್ರಿ ಹಾಲುಣಿಸಲು ಎದ್ದು ನಡೆಯಬೇಕಾಗಿಲ್ಲ ಎನ್ನುವುದು ನನಗೆ ಸಿಕ್ಕ ಲಾಭ.

ಇನ್ನು ಬಟ್ಟೆ. ಹೊಸ ಮಗುವಿನ ಬಟ್ಟೆಯ ಮೇಲೆ ಎಲ್ಲರಿಗೂ ಆಸೆ, ಉಡುಗೊರೆಯಾಗಿಯೂ ಅದೇ ಬರುತ್ತದೆ. ಅದಕ್ಕೇ ತೀರಾ ಚಿಕ್ಕ ಅಳತೆಯದನ್ನು ಕೆಲವನ್ನು ಮಾತ್ರ ತಂದೆ. ಕೆಲವೇ ವಾರದಲ್ಲಿ ಅವು ಹಿಡಿಸುವುದಿಲ್ಲ. ಹುಟ್ಟುವಾಗಲೇ ದಪ್ಪಗಿರುವ ಮಗುವಿಗೆ ಮೊದಲ ದಿನವೇ ಬಿಗಿಯಾಗಬಹುದು. ಆರಿಸುವಾಗ ನೋಡಿದ್ದು ಒಂದೇ: ಮುಂದೆ ಪೂರ್ತಿ ತೆರೆದುಕೊಳ್ಳುತ್ತದೆಯೇ? ಕುತ್ತಿಗೆ ಇನ್ನೂ ನಿಲ್ಲದ ಮಗುವಿಗೆ ತಲೆಯ ಮೇಲಿಂದ ಅಂಗಿ ಹಾಕುವುದು ಎರಡು ಕೈಗೂ ಸಾಲದ ಕೆಲಸ. ಮುಂದೆ ತೆರೆಯುವ ಜಬಲಾ ಆದರೆ ಮಗುವನ್ನು ಅದರ ಮೇಲೆ ಮಲಗಿಸಿ ಎರಡೂ ಕಡೆಯಿಂದ ಮುಚ್ಚಿದರೆ ಆಯಿತು. ಕುತ್ತಿಗೆಯ ಹತ್ತಿರ ಉದ್ದದ ದಾರ, ಸಡಿಲ ಗುಂಡಿ, ಒಳಗಡೆ ಚುಚ್ಚುವ ಲೇಬಲ್ ಇದ್ದವನ್ನು ಬಿಟ್ಟೆ.

ಹೊಸದಾಗಲಿ, ಯಾರೋ ಕೊಟ್ಟ ಹಳೆಯದಾಗಲಿ, ಎಲ್ಲವನ್ನೂ ಒಮ್ಮೆ ಒಗೆದು ಬಿಸಿಲಲ್ಲಿ ಒಣಗಿಸಿದೆ. ಹಳೆಯ ಬಟ್ಟೆ ಬೇಡ ಎನ್ನುವವರಿದ್ದಾರೆ. ನನಗೆ ಅದೇ ಇಷ್ಟ. ಹತ್ತಾರು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆಯಷ್ಟು ಹಿತ ಹೊಸ ಬಟ್ಟೆಯಲ್ಲಿ ಸಿಗುವುದಿಲ್ಲ. ಬಟ್ಟೆ ಮೃದುವಾಗಲು ಹಾಕುವ ದ್ರವವನ್ನು ಮಾತ್ರ ಬಳಸಲಿಲ್ಲ. ಅದರ ಘಾಟು ಮಗುವಿಗೆ ಬೇಡ, ಬಟ್ಟೆ ಡೈಪರ್ ಅದರಿಂದ ನೀರು ಹೀರುವುದನ್ನೂ ಕಡಿಮೆ ಮಾಡುತ್ತದೆ.

ಎಷ್ಟು ಬಟ್ಟೆ ಹಾಕಬೇಕು ಎನ್ನುವ ಚಿಂತೆ ಎಲ್ಲರಿಗೂ ಇರುತ್ತದೆ, ಅಲ್ವಾ? ನಾವು ಹಾಕಿಕೊಂಡಿರುವುದಕ್ಕಿಂತ ಒಂದು ಪದರ ಜಾಸ್ತಿ ಸಾಕು. ಕೈ ಕಾಲು ಮುಟ್ಟಿ ತಣ್ಣಗಿದೆ ಎಂದು ಗಾಬರಿ ಬೇಡ, ಎಳೆಮಕ್ಕಳಿಗೆ ಅದು ಸಾಮಾನ್ಯ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಬಟ್ಟೆ ಜಾಸ್ತಿಯಾಗಿದೆ ಎಂದರ್ಥ. ಮನೆಯೊಳಗೆ ಮಲಗಿಸುವಾಗ ಟೋಪಿ ತೆಗೆದುಬಿಡುವುದು ಒಳ್ಳೆಯದು.

ಡೈಪರ್ ವಿಷಯದಲ್ಲಿ ಲೆಕ್ಕ ಇಟ್ಟುಕೊಂಡೇ ತರಬೇಕು. ಹೊಸ ಮಗುವಿಗೆ ದಿನಕ್ಕೆ ಹತ್ತು ಹನ್ನೆರಡು ಸಲ ಬದಲಿಸುವುದು ಏನೂ ಅತಿಯಲ್ಲ. ಬಟ್ಟೆಯದನ್ನೇ ಬಳಸುವವರು ಒಂದು ದಿನ ಒಗೆಯಲು, ಒಂದು ದಿನ ಒಣಗಲು ಬೇಕೆಂದು ಎಣಿಸಿ ಇಪ್ಪತ್ತಕ್ಕೂ ಮೇಲೆ ಇಟ್ಟುಕೊಳ್ಳಬೇಕು. ನಾನು ಹಗಲು ಬಟ್ಟೆಯದು, ರಾತ್ರಿ ಬಿಸಾಡುವಂಥದ್ದು ಎಂದು ಹಂಚಿಕೊಂಡೆ. ಅಂಗಡಿಯದನ್ನು ಮಾತ್ರ ಒಂದೇ ಅಳತೆಯಲ್ಲಿ ರಾಶಿ ತರಬೇಡಿ. ಮಗು ಎಷ್ಟು ತೂಕ ಇರುತ್ತದೆ, ಯಾವ ಕಂಪನಿಯದು ಅದರ ಚರ್ಮಕ್ಕೆ ಒಗ್ಗುತ್ತದೆ ಎನ್ನುವುದು ಹುಟ್ಟಿದ ಮೇಲೇ ಗೊತ್ತಾಗುವುದು.

ಬದಲಿಸುವ ಜಾಗವನ್ನು ನೆಲದ ಮೇಲೇ ಮಾಡಿಕೊಂಡೆ. ಎತ್ತರದ ಮೇಜಿನಿಂದ ಮಗು ಉರುಳಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ನೆಲದಿಂದ ಬೀಳುವ ಭಯವೇ ಇಲ್ಲ. ಒಂದು ದಪ್ಪ ಚಾಪೆ, ಮೇಲೆ ನೀರು ಇಳಿಯದ ಶೀಟ್, ಅದರ ಮೇಲೆ ಹತ್ತಿ ಬಟ್ಟೆ. ಪಕ್ಕದಲ್ಲಿ ಮುಚ್ಚಳ ಇಲ್ಲದ ಬುಟ್ಟಿ. ಅದರೊಳಗೆ ಪ್ಯಾಕೆಟ್ ಬಿಚ್ಚಿ ಜೋಡಿಸಿದ ಡೈಪರ್, ಒರೆಸಲು ಚಿಕ್ಕ ಬಟ್ಟೆ ತುಂಡುಗಳು, ಜಿಂಕ್ ಆಕ್ಸೈಡ್ ಇರುವ ಕ್ರೀಮ್, ಒಂದು ಜೊತೆ ಬದಲಿ ಅಂಗಿ. ಮುಚ್ಚಳ ಬೇಡ ಎಂದಿದ್ದು ಒಂದೇ ಕೈಯಲ್ಲಿ ತೆಗೆಯಬೇಕಲ್ಲ ಎಂದು. ಪೌಡರ್‌ಗೆ ನಾನು ಜಾಗವನ್ನೇ ಕೊಡಲಿಲ್ಲ. ಅದರ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ.

ಬುಟ್ಟಿಯ ಪಕ್ಕ ಗೋಡೆಗೆ ಒಂದು ಹಾಳೆ, ದಾರ ಕಟ್ಟಿದ ಪೆನ್ಸಿಲ್. ಪ್ರತಿ ಒದ್ದೆ ಡೈಪರ್‌ಗೆ ಒಂದು ಗೀಟು. ಹಾಲು ಸಾಲುತ್ತಿದೆಯೋ ಇಲ್ಲವೋ ಎಂದು ತಾಯಂದಿರು ಎಷ್ಟು ಕೊರಗುತ್ತಾರೆ! ಈ ಗೀಟುಗಳೇ ಅದಕ್ಕೆ ಉತ್ತರ. ಮೊದಲ ದಿನ ಒಂದೆರಡು ಸಲ ಒದ್ದೆಯಾದರೆ ಸಾಕು. ದಿನ ಕಳೆದಂತೆ ಹೆಚ್ಚಾಗಿ, ಐದನೇ ದಿನದಿಂದ ದಿನಕ್ಕೆ ಕನಿಷ್ಠ ಆರು ಬರಬೇಕು. ಮೊದಲು ಕಪ್ಪಗೆ ಅಂಟಂಟಾಗಿರುವ ಮಲ ನಾಲ್ಕೈದು ದಿನದಲ್ಲಿ ಹಳದಿಗೆ ತಿರುಗಬೇಕು. ಹುಟ್ಟಿದ ಮೇಲೆ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ, ಸುಮಾರು ಎರಡು ವಾರದೊಳಗೆ ಮರಳಿ ಬರುತ್ತದೆ. ನನ್ನ ಹಾಳೆಯನ್ನು ಮೊದಲ ತಪಾಸಣೆಗೆ ಹಾಗೇ ತೆಗೆದುಕೊಂಡು ಹೋದೆ. ವೈದ್ಯರು ಕೇಳಿದ್ದಕ್ಕೆಲ್ಲ ಅದರಲ್ಲೇ ಉತ್ತರ ಇತ್ತು.

ಹಾಲುಣಿಸುವ ಮೂಲೆಗೂ ಇದೇ ಲೆಕ್ಕ. ಹೊಸ ಮಗು 24 ಗಂಟೆಯಲ್ಲಿ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಅಂದರೆ ದಿನದ ಬಹುಪಾಲು ಅಮ್ಮ ಒಂದೇ ಕುರ್ಚಿಯಲ್ಲಿ. ಹಾಗಾಗಿ ಕುರ್ಚಿಗೆ ಬೆನ್ನು ಆನಿಸಲು ದಿಂಬು, ತೋಳಿನ ಕೆಳಗೆ ಇಡಲು ಇನ್ನೊಂದು, ಕಾಲಿಗೆ ಚಿಕ್ಕ ಮಣೆ. ಕೈಗೆ ಎಟುಕುವಲ್ಲಿ ಒಂದು ಕೈಯಲ್ಲೇ ತೆರೆಯುವ ನೀರಿನ ಬಾಟಲಿ, ಒಣ ತಿಂಡಿಯ ಡಬ್ಬಿ, ಫೋನ್ ಚಾರ್ಜರ್, ಕಣ್ಣು ಕುಕ್ಕದ ಮಂದ ದೀಪ. ಮಗು ಕಕ್ಕಿದರೆ ಒರೆಸಲು ಮಡಿಸಿದ ಬಟ್ಟೆಗಳು. ಇವು ಎಷ್ಟಿದ್ದರೂ ಸಾಲದು. ಹಾಲುಣಿಸುವುದು ಬಾಯಾರಿಕೆ ತರುತ್ತದೆ, ಕೂತ ಕೂಡಲೇ ನೀರು ಬೇಕೆನಿಸುತ್ತದೆ. ನೀರು ತುಂಬಿಡುವ ಕೆಲಸವನ್ನು ನನ್ನ ಗಂಡ ವಹಿಸಿಕೊಂಡಿದ್ದರು.

ಹಾಲು ತೆಗೆಯುವ ಪಂಪ್ ಮೊದಲೇ ತರಬೇಕೇ ಎಂದು ಕೇಳುತ್ತಾರೆ. ಬೇಡ ಎನ್ನುವುದು ನನ್ನ ಅಭಿಪ್ರಾಯ. ಬೇಕೆನಿಸಿದ ದಿನ ಎಲ್ಲಿ ಸಿಗುತ್ತದೆ ಎಂದು ತಿಳಿದಿದ್ದರೆ ಸಾಕು. ಎಲ್ಲರಿಗೂ ಅದು ಬೇಕಾಗುವುದಿಲ್ಲ. ಅದಕ್ಕಿಂತ, ಮಗು ಸರಿಯಾಗಿ ಬಾಯಿ ಹಾಕದಿದ್ದರೆ ಕೂತು ತೋರಿಸಿಕೊಡುವ ನರ್ಸ್ ಅಥವಾ ಸಲಹೆಗಾರರ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ. ಆ ಒಂದು ನಂಬರ್ ಯಾವ ಸಾಮಾನಿಗಿಂತಲೂ ದೊಡ್ಡದು. ಹಾಲು ತೆಗೆದಿಡುವ ಹಾಗಿದ್ದರೆ ತಿಳಿದಿರಲಿ: 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇಡಬಹುದು. ಎಳೆಮಕ್ಕಳಿಗೆಂದೇ ಇರುವ ಪುಡಿ ಹಾಲು (ಫಾರ್ಮುಲಾ) ಕೊಡಬೇಕಾಗಿ ಬಂದ ತಾಯಂದಿರು ತಲೆ ತಗ್ಗಿಸಬೇಕಾಗಿಲ್ಲ. ಬಾಟಲಿ ಕುದಿಸುವ ಪಾತ್ರೆ, ತೊಳೆಯುವ ಬ್ರಷ್ ಎರಡನ್ನೂ ಅದಕ್ಕೆಂದೇ ಬೇರೆ ಇಡಿ.

ಎಲ್ಲ ಪಟ್ಟಿಗಳಲ್ಲೂ ಬಿಟ್ಟುಹೋಗುವವಳು ತಾಯಿ. ಮಗುವಿಗೆ ಮೂರು ಪುಟ ಇದ್ದರೆ ಅವಳಿಗೆ ಮೂರು ಸಾಲೂ ಇರುವುದಿಲ್ಲ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಹೆರಿಗೆ ಹೇಗೇ ಆಗಲಿ, ಆಮೇಲೆ ನಾಲ್ಕರಿಂದ ಆರು ವಾರ ರಕ್ತಸ್ರಾವ ಇರುತ್ತದೆ. ಮೊದಲ ದಿನಗಳಲ್ಲಿ ಸಾಮಾನ್ಯ ಪ್ಯಾಡ್ ತಡೆಯುವುದಿಲ್ಲ, ಅದಕ್ಕೆಂದೇ ಇರುವ ದೊಡ್ಡ ಪ್ಯಾಡ್ ಬೇಕು. ಸೊಂಟದ ಮೇಲೆ ಕೂರುವ ಸಡಿಲ ಹತ್ತಿ ಒಳಉಡುಪು ಬೇಕು, ಸಿಸೇರಿಯನ್ ಆದರೆ ಹೊಲಿಗೆಗೆ ತಾಗಬಾರದು. ಹೊಲಿಗೆ ಇದ್ದರೆ ಬಚ್ಚಲಲ್ಲಿ ತೊಳೆದುಕೊಳ್ಳಲು ಒತ್ತಿದರೆ ನೀರು ಚಿಮ್ಮುವ ಬಾಟಲಿ ಬಹಳ ಹಿತ. ಮುಂದೆ ತೆರೆಯುವ ನೈಟಿಗಳು, ಹಾಲು ಸೋರುವುದಕ್ಕೆ ಎದೆಯ ಪ್ಯಾಡ್. ಮತ್ತು ಒಂದು ಎಚ್ಚರ: ದೊಡ್ಡ ಪ್ಯಾಡ್ ಒಂದು ಗಂಟೆಯೊಳಗೆ ಪೂರ್ತಿ ನೆನೆದರೆ ಅದು ಸಾಮಾನ್ಯ ಅಲ್ಲ, ಆ ಕ್ಷಣವೇ ಆಸ್ಪತ್ರೆಗೆ. ಇದನ್ನು ತಾಯಿಗಷ್ಟೇ ಅಲ್ಲ, ಮನೆಯಲ್ಲಿರುವ ಎಲ್ಲರಿಗೂ ಹೇಳಿಡಬೇಕು. ಆ ಹೊತ್ತಿಗೆ ಅವಳಿಗೆ ಮಾತಾಡುವ ತ್ರಾಣವೂ ಇಲ್ಲದಿರಬಹುದು.

ಆಸ್ಪತ್ರೆಯ ಚೀಲದಲ್ಲಿ ಮೇಲೆಯೇ ಇರಬೇಕಾದದ್ದು ಫೈಲು. ಸ್ಕ್ಯಾನ್, ರಕ್ತದ ಗುಂಪಿನ ವರದಿ, ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಗುರುತಿನ ಕಾಗದ. ಆಮೇಲೆ ಮಗುವಿಗೆ ಎರಡು ಮೂರು ಜೊತೆ ಬಟ್ಟೆ, ಹೊದಿಕೆ, ಟೋಪಿ, ಡೈಪರ್. ನನಗೆ ಬದಲಿ ಬಟ್ಟೆ, ಚಪ್ಪಲಿ, ಪ್ಯಾಡ್. ಜೊತೆಗೆ ಬರುವವರಿಗೂ ಒಂದು ಜೊತೆ ಬಟ್ಟೆ. ಚೀಲ ತುಂಬುವಾಗ ನನ್ನ ಗಂಡನ ಕೈಯಲ್ಲೇ ತುಂಬಿಸಿದೆ, ಯಾಕೆಂದರೆ ಅಲ್ಲಿ ಹುಡುಕಿ ತೆಗೆಯುವವರು ಅವರೇ. ಕಾರಿನಲ್ಲಿ ಮನೆಗೆ ಬರುವುದಾದರೆ ಹಿಂದಕ್ಕೆ ಮುಖ ಮಾಡಿ ಕೂರಿಸುವ ಮಗುವಿನ ಸೀಟನ್ನು ಮೊದಲೇ ಕಟ್ಟಿ ನೋಡಿ. ಬೇರೆಯವರು ಬಳಸಿದ ಸೀಟು ತೆಗೆದುಕೊಳ್ಳುವುದಾದರೆ ಅದು ಅಪಘಾತ ಕಂಡಿಲ್ಲ ಎಂದು ಗೊತ್ತಿರಬೇಕು.

ಸ್ನಾನಕ್ಕೆ ಜಾಸ್ತಿ ಏನೂ ಬೇಡ. ಹುಟ್ಟಿದ ಮೇಲೆ ಮೊದಲ ಸ್ನಾನಕ್ಕೆ 24 ಗಂಟೆಯಾದರೂ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಕ್ಕುಳಬಳ್ಳಿ ಒಣಗಿ ಬೀಳಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಅಲ್ಲಿಯವರೆಗೆ ನಾನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಡೈಪರ್ ಅಂಚನ್ನು ಹೊಕ್ಕುಳಿಗಿಂತ ಕೆಳಗೆ ಮಡಚಿ, ಅಲ್ಲಿಗೆ ಏನೂ ಹಚ್ಚದೆ ಒಣಗಲು ಬಿಟ್ಟೆ. ಎರಡು ಮೆತ್ತನೆ ಟವೆಲ್, ವಾಸನೆ ಇಲ್ಲದ ಸೋಪು, ಉಗುರು ಉಜ್ಜುವ ಚಿಕ್ಕ ಅರ ಇದ್ದರೆ ಆಯಿತು.

ಔಷಧಿ ಡಬ್ಬಿಯಲ್ಲಿ ಇದ್ದದ್ದು ಡಿಜಿಟಲ್ ಥರ್ಮಾಮೀಟರ್, ಮೂಗಿಗೆ ಹಾಕುವ ಉಪ್ಪುನೀರಿನ ಹನಿ, ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ. ಜ್ವರದ ಸಿರಪ್ಪನ್ನು ಬೇಕೆಂದೇ ಇಡಲಿಲ್ಲ. ಮೂರು ತಿಂಗಳೊಳಗಿನ ಮಗುವಿಗೆ ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಮನೆಯಲ್ಲಿ ಏನೂ ಕೊಡದೆ ನೇರ ವೈದ್ಯರ ಹತ್ತಿರ ಓಡಬೇಕು. ಮೈ ತಣ್ಣಗಾಗಿ ಹಾಲು ಬಿಟ್ಟರೂ ಅಷ್ಟೇ. ಥರ್ಮಾಮೀಟರ್ ತಂದ ದಿನವೇ ನಮ್ಮ ಮೇಲೆ ಬಳಸಿ ಕಲಿತುಕೊಂಡೆವು.

ದೊಡ್ಡವಳಿಗೂ ಒಂದು ತಯಾರಿ ಇತ್ತು. ಹಾಲುಣಿಸುವ ಕುರ್ಚಿಯ ಪಕ್ಕದಲ್ಲೇ ಅವಳಿಗೊಂದು ಚಿಕ್ಕ ಬುಟ್ಟಿ, ಒಳಗೆ ಬಣ್ಣದ ಪೆನ್ಸಿಲ್, ಪುಸ್ತಕ. ಡೈಪರ್ ತಂದುಕೊಡುವ ಕೆಲಸ ಅವಳದೇ ಎಂದು ಮಾತಾಗಿತ್ತು. ಮೊದಲ ವಾರ ಅವಳಷ್ಟು ಶ್ರದ್ಧೆಯಿಂದ ಯಾರೂ ಕೆಲಸ ಮಾಡಲಿಲ್ಲ.

ಆಟದ ಸಾಮಾನು, ಶೂ, ಬಾಟಲಿ ಬಿಸಿ ಮಾಡುವ ಯಂತ್ರ, ನಡೆದಾಡಿಸುವ ಗಾಡಿ, ಇವನ್ನೆಲ್ಲ ಮುಂದಕ್ಕೆ ಹಾಕಿದೆ. ಏನು ತರಲಿ ಎಂದು ಕೇಳಿದವರಿಗೆ ನೇರವಾಗಿ ಹೇಳಿದೆ: ಒಂದು ಹೊತ್ತಿನ ಅಡುಗೆ ತನ್ನಿ, ಇಲ್ಲವೇ ಬಟ್ಟೆ ಮಡಿಸಿ ಕೊಡಿ. ಜನ ಸಂತೋಷದಿಂದ ಮಾಡುತ್ತಾರೆ, ಕೇಳಬೇಕು ಅಷ್ಟೇ. ಉಳಿದದ್ದು ಒಂದು ಚೀಟಿ. ಮಕ್ಕಳ ವೈದ್ಯರು, ಹೆರಿಗೆ ಆಸ್ಪತ್ರೆ, ಆಂಬ್ಯುಲೆನ್ಸ್, ರಾತ್ರಿ ತೆರೆದಿರುವ ಔಷಧಿ ಅಂಗಡಿ, ಕರೆದರೆ ಬರುವ ಇಬ್ಬರು ಹತ್ತಿರದವರು. ಇವರ ನಂಬರ್‌ಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಮನೆಯಲ್ಲಿ ಎಲ್ಲರ ಫೋನಿನಲ್ಲೂ ಹಾಕಿಸಿದೆ.